ಎರೆ ನೆಲದಲ್ಲಿ ಇಂಗುಗುಂಡಿ: ನೀರೇಕೆ ಇಳಿಯುತ್ತಿಲ್ಲ?

ಪ್ರಶ್ನೆ: ಕಲಬುರಗಿಯ ಹೊಸ ಬಡಾವಣೆಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿದ್ದೇವೆ. ಪಾಯದಿಂದ 3 ಅಡಿ ದೂರ, 6 ಅಡಿ ಆಳದ ಇಂಗುಗುಂಡಿ ತೋಡಿಸಿ ಜಲ್ಲಿ, ಮರಳು ತುಂಬಿಸಿದೆವು. ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಬಿಟ್ಟು ನೋಡಿದರೆ ಬೇಗ ಇಳಿಯಿತು. ಈಗ ಆಗಸ್ಟ್‌ನಲ್ಲಿ ನಾಲ್ಕೈದು ದಿನ ನೀರು ನಿಂತೇ ಇರುತ್ತದೆ. ಮನೆ ಮುಂದಿನ ಗಟಾರವೂ ಜೋರು ಮಳೆಗೆ ಉಕ್ಕುತ್ತದೆ. ಏನು ಮಾಡುವುದು?

ಉತ್ತರ: ಮೇ ತಿಂಗಳಲ್ಲಿ ನೀರು ಇಳಿದದ್ದು ಬಿರುಕುಗಳಿಗೆ, ಮಣ್ಣಿಗಲ್ಲ. ಎರೆಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ಬೇಸಿಗೆಯಲ್ಲಿ ಬಾಯಿಬಿಟ್ಟಿರುತ್ತದೆ. ನಾಲ್ಕು ಮಳೆ ಬಿದ್ದ ಮೇಲೆ ಉಬ್ಬಿ, ಬಿರುಕು ಮುಚ್ಚಿ, ನೀರನ್ನು ಕೆಳಗೆ ಬಿಡುವುದೇ ಇಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನಡೆಯುವ ಗುಂಡಿಯ ನಕಾಶೆಯನ್ನು ಇಲ್ಲಿ ಹಾಗೇ ಇಳಿಸಿದರೆ ಹೀಗೇ ಆಗುವುದು.

ಮೊದಲು ಆ ಗುಂಡಿಗೆ ಹೋಗುವ ಪೈಪ್ ಬಂದ್ ಮಾಡಿ. ಪಾಯದ ಪಕ್ಕದ ಎರೆ ಒಮ್ಮೆ ನೆನೆದು ಉಬ್ಬಿ, ಮತ್ತೆ ಒಣಗಿ ಕುಗ್ಗಿದರೆ ಗೋಡೆ ಸೀಳುತ್ತದೆ. ಕಿಟಕಿ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಅದು ಶುರುವಾಗಿದೆ ಎಂದೇ ತಿಳಿಯಿರಿ.

ಇಂಥ ಸೈಟಿಗೆ ಮೊದಲ ಆಯ್ಕೆ ಸಂಪು. 1,000 ಚದರಡಿ ಛತ್ತಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2,000 ಲೀಟರ್ ಕೈಗೆ ಸಿಗುತ್ತದೆ. 6,000 ಲೀಟರಿನ ಸಂಪು ಇಂಥ ಮೂರು ಮಳೆ ಹಿಡಿಯುತ್ತದೆ. ಇಳಿಪೈಪಿಗೆ ಟೀ (T ಆಕಾರದ ಕವಲು ಜೋಡಣೆ) ಹಾಕಿ ಕೆಳಗೊಂದು ವಾಲ್ವ್ ಇಡಿ. ಬಹಳ ದಿನದ ಮೇಲೆ ಬಂದ ಮಳೆಯ ಮೊದಲ ನೂರಿನ್ನೂರು ಲೀಟರ್ ಧೂಳಿನ ನೀರು ಅಲ್ಲಿಂದ ಹೊರಗೆ ಹೋಗಲಿ. ಉಳಿದದ್ದು ಜಾಳಿಗೆ, ಮರಳಿನ ಫಿಲ್ಟರ್ ದಾಟಿ ಸಂಪಿಗೆ ಬರಲಿ.

ಇಂಗಿಸಲೇಬೇಕೆಂದರೆ ಎರೆ ದಾಟಿ ಕೆಳಗಿನ ಗರಸು (ಕಲ್ಲುಚೂರು ಬೆರೆತ, ನೀರು ಇಳಿಯುವ ಪದರ) ಮುಟ್ಟಬೇಕು. ಅದು ಎಷ್ಟು ಆಳಕ್ಕಿದೆ ಎಂಬುದು ಪಕ್ಕದವರು ಪಾಯ ತೋಡಿದ್ದಾಗ ಕಂಡಿರುತ್ತದೆ, ಕೇಳಿ. ಪಾಯದಿಂದ ಕನಿಷ್ಠ 10 ಅಡಿ ದೂರ ಬಿಟ್ಟು 8 ಇಂಚಿನ ತೂತು ಕೊರೆಸಿ. ಎರೆ ಇರುವಷ್ಟು ಉದ್ದಕ್ಕೆ ಸಾದಾ ಪೈಪ್, ಗರಸಿನಲ್ಲಿ ಮಾತ್ರ ತೂತಿನ ಪೈಪ್. ಗುತ್ತಿಗೆದಾರರು ಪೂರ್ತಿ ತೂತಿನ ಪೈಪನ್ನೇ ಇಳಿಸಿಬಿಡುತ್ತಾರೆ, ಎದುರಿಗೆ ನಿಂತು ನೋಡಿ. ಗರಸಿಲ್ಲದೆ ನೇರ ಕರಿಗಲ್ಲೇ ಸಿಕ್ಕರೆ ಈ ಆಸೆ ಬಿಡಿ. ಪರೀಕ್ಷೆಯನ್ನು ನೆಲ ನೆನೆದ ಮೇಲೇ ಮಾಡಿ. ತಾಸಿಗೆ ಅರ್ಧ ಇಂಚಾದರೂ ನೀರು ಇಳಿಯದಿದ್ದರೆ ಖರ್ಚು ದಂಡ.

ಗಟಾರದ ವಿಷಯದಲ್ಲಿ ಎರಡು ಸಂಗತಿ ನೋಡಿ. ಒಂದು, ಇಳಿಜಾರು. ಮೇಸ್ತ್ರಿಗಳ ಲೆವಲ್ ಪೈಪ್ ಹಿಡಿದರೆ ಗೊತ್ತಾಗುತ್ತದೆ: 100 ಅಡಿಗೆ 6 ಇಂಚು ಇಳಿದಿದ್ದರೆ ಸಾಕು. ಸಮತಟ್ಟಾಗಿದ್ದರೆ ಎಷ್ಟು ಹೂಳೆತ್ತಿದರೂ ಅಷ್ಟೇ. ಎರಡು, ಎತ್ತಿದ ಹೂಳು. ಅದನ್ನು ದಂಡೆಯಲ್ಲೇ ಒಣಗಲು ಬಿಟ್ಟರೆ ಮುಂದಿನ ಮಳೆ ಅದನ್ನು ವಾಪಸ್ ಒಳಗೆ ತರುತ್ತದೆ. ಲೆವಲ್ ಅಳತೆ ಮತ್ತು ನೀರು ನಿಂತ ಜಾಗದ ಫೋಟೊ ಸಮೇತ ಮಹಾನಗರ ಪಾಲಿಕೆಯ ನಿಮ್ಮ ವಾರ್ಡಿನ ಇಂಜಿನಿಯರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಬರೀ "ಗಟಾರ ತುಂಬಿದೆ" ಎಂದು ಬರೆದರೆ ಹೂಳೆತ್ತುವವರು ಬಂದು ಹೋಗುತ್ತಾರೆ, ಇಳಿಜಾರು ಹಾಗೇ ಉಳಿಯುತ್ತದೆ.

ಛತ್ತಿನ ಪೈಪನ್ನು ಮಾತ್ರ ಒಳಚರಂಡಿಯ ಚೇಂಬರಿಗೆ ಕೊಡಬೇಡಿ. ಓಣಿಯಲ್ಲಿ ಹತ್ತು ಮನೆಯವರು ಹಾಗೆ ಕೊಟ್ಟಿದ್ದರೆ, ಮಳೆ ಬಂದಾಗ ಕೆಳಗಿನ ಮನೆಯ ಬಚ್ಚಲಲ್ಲಿ ಮೇಲೇಳುವುದು ಬರೀ ಮಳೆನೀರಲ್ಲ.