ಕೈತೋಟ ಪ್ರಶ್ನೋತ್ತರ: ಮಿಡಿಯಲ್ಲೇ ಉದುರುವ ಹೀರೆಕಾಯಿ

ಪ್ರಶ್ನೆ: ಮೂರನೇ ಮಹಡಿಯ ತಾರಸಿಯಲ್ಲಿ ಹೀರೆ ಬಳ್ಳಿ ಚೆನ್ನಾಗಿ ಹಬ್ಬಿದೆ. ಆದರೆ ಮಿಡಿಗಳು ಬೆರಳುದ್ದಕ್ಕೇ ಹಳದಿಯಾಗಿ ಉದುರುತ್ತಿವೆ. ಬೆಳಿಗ್ಗೆ ಕೈಯಿಂದ ಪರಾಗ ಮುಟ್ಟಿಸಿದರೂ ಪ್ರಯೋಜನವಿಲ್ಲ. ಗೊಬ್ಬರ ಹೆಚ್ಚಿಸಬೇಕೆ?
– ಓದುಗರು, ಬನಶಂಕರಿ

ಉತ್ತರ: ಗೊಬ್ಬರ ಬೇಡ, ಹೊತ್ತು ಬದಲಿಸಿ. ಸೌತೆ, ಕುಂಬಳದ ಹೂವು ಅರಳುವುದು ಬೆಳಿಗ್ಗೆ. ಹೀರೆ, ಸೋರೆಯದು ಸಂಜೆ. ಮರುದಿನ ಬೆಳಿಗ್ಗೆ ನೀವು ಹೋಗುವಷ್ಟರಲ್ಲಿ ಹೂವು ಸೊರಗಿರುತ್ತದೆ. ಎತ್ತರದ ತಾರಸಿಗೆ ಇರುಳಿನ ಪತಂಗಗಳೂ ಕಡಿಮೆ, ಹಾಗಾಗಿ ಈ ಕೆಲಸ ನೀವೇ ಮಾಡಬೇಕು.

ಗಂಡು ಹೂವು ಗೊಂಚಲಿನಲ್ಲಿರುತ್ತದೆ, ತೊಟ್ಟು ತೆಳ್ಳಗೆ. ಹೆಣ್ಣು ಹೂವಿನ ಬುಡದಲ್ಲಿ ಏಣುಗಳಿರುವ ಪುಟ್ಟ ಮಿಡಿ ಕಾಣುತ್ತದೆ. ಸಂಜೆ ಆಗಷ್ಟೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿನ ಅಂಟಂಟಾದ ಭಾಗಕ್ಕೆ ಸುತ್ತಲೂ ಹಳದಿ ಪುಡಿ ಹತ್ತುವಂತೆ ಮೆಲ್ಲಗೆ ಸವರಿ. ಒಂದೇ ಪಕ್ಕಕ್ಕೆ ಹತ್ತಿದರೆ ಕಾಯಿ ಸೊಟ್ಟಗಾಗಬಹುದು. ಮಳೆಯಲ್ಲಿ ನೆನೆದ ಹೂವಿನ ಪರಾಗ ಕೆಲಸಕ್ಕೆ ಬಾರದು.

ಉದುರಿದ ಮಿಡಿಯೊಂದನ್ನು ಸೀಳಿ ನೋಡಿ. ಒಳಗೆ ಬಿಳಿ ಹುಳುಗಳಿದ್ದರೆ ಅದು ಹಣ್ಣುನೊಣದ ಕಾಟ. ಗಂಡು ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ-ಲೂರ್ ಬಲೆ ತೂಗುಹಾಕಿ. ಉದುರಿದ್ದನ್ನು ಕಾಂಪೋಸ್ಟಿಗೆ ಹಾಕಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಇನ್ನು, ಗಿಡ ಬೆಳೆಸುವ 40 ಲೀಟರಿನ ಚೀಲಕ್ಕೆ ಎರಡೇ ಬಳ್ಳಿ ಸಾಕು.

ಪ್ರಶ್ನೆ: ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿಯುತ್ತಿದೆ. ಮೊಟ್ಟೆ ಚಿಪ್ಪಿನ ಪುಡಿ ಹಾಕಿಯೂ ನಿಂತಿಲ್ಲ.
– ಓದುಗರು, ವಿಜಯನಗರ

ಉತ್ತರ: ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪುತ್ತಿಲ್ಲ ಎಂಬುದು ನಿಜ. ಆದರೆ ಕೊರತೆ ಮಣ್ಣಿನಲ್ಲೇ ಇದೆ ಎಂದುಕೊಳ್ಳಬೇಡಿ. ನಮ್ಮ ಬೋರ್‌ವೆಲ್ ನೀರೇ ಸಾಕಷ್ಟು ಗಡಸು, ಅಂದರೆ ಅದರಲ್ಲೇ ಕ್ಯಾಲ್ಸಿಯಂ ಇರುತ್ತದೆ. ಕ್ಯಾಲ್ಸಿಯಂ ಸಾಗುವುದು ನೀರಿನ ಜೊತೆ. ಚೀಲ ಮಧ್ಯಾಹ್ನ ಒಣಗಿ, ಸಂಜೆ ಒಮ್ಮೆಲೇ ತುಂಬಿ ಹರಿದರೆ ಆ ಸಾಗಣೆ ಕಡಿಯುತ್ತದೆ. ಚಿಪ್ಪು ಕರಗಲು ತಿಂಗಳುಗಳೇ ಬೇಕು, ಈ ಬೆಳೆಗೆ ಅದು ಒದಗದು.

ಗಿಡಕ್ಕೆ 20 ಲೀಟರಿನ ಚೀಲ ಕೊಡಿ, ಬುಡಕ್ಕೆ ಎರಡು ಇಂಚು ಒಣಎಲೆ ಹೊದಿಸಿ. ಬೆಳಿಗ್ಗೆ ತಳದ ತೂತಿನಿಂದ ನೀರು ಇಳಿಯುವಷ್ಟು ಹಾಕಿ. ಸಂಜೆ ಬೆರಳು ಚುಚ್ಚಿದಾಗ ಒಣಗಿದ್ದರೆ ಮತ್ತೊಮ್ಮೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಕಪ್ಪಾದ ಕಾಯಿ ಸರಿಹೋಗದು, ಕಿತ್ತುಬಿಡಿ.

ಪ್ರಶ್ನೆ: ಟೊಮೆಟೊ ಎಲೆ ಮುದುರು ರೋಗಕ್ಕೆ ಔಷಧಿ ಯಾವುದು?
– ಓದುಗರು, ಯಲಹಂಕ

ಉತ್ತರ: ಈ ನಂಜುರೋಗಕ್ಕೆ (ವೈರಸ್ ರೋಗ) ಔಷಧಿಯಿಲ್ಲ. ಬಿಳಿನೊಣ ಇದನ್ನು ಪಕ್ಕದ ಗಿಡಕ್ಕೂ ಒಯ್ಯುತ್ತದೆ, ಆದ್ದರಿಂದ ಗಿಡ ಕೀಳಲು ತಡಮಾಡಬೇಡಿ. ಮುಂದಿನ ಬಾರಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಹಾಕಿ. ಈ ರೋಗವನ್ನು ಅದು ತಡೆದುಕೊಳ್ಳುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಡಬೇಡಿ, ಪ್ರತಿ ಬಾರಿ ಹೊಸದಾಗಿ ಕೊಳ್ಳಿ.