ಕೇಕಿನ ಮೇಲಿನ ಬೆಳ್ಳಿ ಬಣ್ಣದ ಮಣಿಗಳನ್ನು ಮಕ್ಕಳು ತಿನ್ನಬಹುದೇ?

ಹಾಸನದ ಬೇಕರಿಯಿಂದ ತಂದ ಹುಟ್ಟುಹಬ್ಬದ ಕೇಕಿನ ಮೇಲಿದ್ದ ಬೆಳ್ಳಿ ಬಣ್ಣದ ಮಣಿಗಳನ್ನು ಮೂರು ವರ್ಷದ ಮಗು ತಿನ್ನಬಹುದೇ ಎಂದು ಕೇಳಿದ್ದೀರಿ. ತಿನ್ನಲೆಂದೇ ತಯಾರಾದ ಮಣಿಗಳನ್ನು ದೊಡ್ಡವರು ನಾಲ್ಕಾರು ತಿಂದರೆ ತೊಂದರೆಯಿಲ್ಲ; ಆದರೆ ಅಷ್ಟು ಚಿಕ್ಕ ಮಗುವಿಗೆ ಕೊಡದಿರುವುದೇ ಮೇಲು, ಏಕೆಂದರೆ ಗಟ್ಟಿಯಾದ ಈ ದುಂಡುಮಣಿ ಶ್ವಾಸನಾಳಕ್ಕೆ ಜಾರಬಹುದು.

ಅಂಗಡಿಯವರು ಸಿಲ್ವರ್ ಬಾಲ್ ಎನ್ನುವ ಇವು ಜೀರಿಗೆ ಮಿಠಾಯಿಯ ಹಾಗೆಯೇ ತಯಾರಾಗುತ್ತವೆ: ತಿರುಗುವ ಪಾತ್ರೆಯಲ್ಲಿ ಸಕ್ಕರೆಯ ಕಾಳಿನ ಮೇಲೆ ಪಾಕವನ್ನು ಪದರಪದರವಾಗಿ ಕಟ್ಟಿಸಿ, ಕೊನೆಗೆ ಬಣ್ಣವನ್ನೋ ತೆಳುವಾದ ಬೆಳ್ಳಿಯನ್ನೋ ಲೇಪಿಸುತ್ತಾರೆ. ಕೆಲವದರಲ್ಲಿ ಹೊಳಪಿಗೆ ಅರಗು ಇರುತ್ತದೆ. ಅದು ಕೀಟಜನ್ಯವಾದುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಮನಿಸಬೇಕು. ಬೆಳ್ಳಿಯ ವಿಷಯದಲ್ಲಿ ದೇಶಗಳ ನಿಲುವು ಒಂದೇ ಅಲ್ಲ. ಅಮೆರಿಕದಲ್ಲಿ ಬೆಳ್ಳಿ ಲೇಪದ ಮಣಿಗಳನ್ನು ಅಲಂಕಾರಕ್ಕೆ ಮಾತ್ರ ಎಂದು ನಮೂದಿಸಿ ಮಾರುತ್ತಾರೆ. ಯುರೋಪಿನಲ್ಲಿ ಇ 174 ಎಂಬ ಸಂಖ್ಯೆಯಡಿ ಮಿಠಾಯಿಯ ಲೇಪಕ್ಕೆ ಅನುಮತಿಯಿದೆ. ನಮ್ಮಲ್ಲಿ ಸಿಹಿತಿಂಡಿಗೆ ಅಂಟಿಸುವ ಬೆಳ್ಳಿಹಾಳೆಯಲ್ಲಿ ಕನಿಷ್ಠ ಶೇ. 99.9ರಷ್ಟು ಬೆಳ್ಳಿ ಇರಬೇಕೆಂಬ ನಿಯಮವಿದೆ.

ನನಗೆ ಹೆಚ್ಚು ಆತಂಕವಿರುವುದು ಸಕ್ಕರೆ ಮಣಿಯಂತೆಯೇ ಕಾಣುವ ಪ್ಲಾಸ್ಟಿಕ್ ಮಣಿಗಳ ಬಗ್ಗೆ. ಅನುಮಾನ ಬಂದರೆ ಒಂದು ಮಣಿಯನ್ನು ಬಿಸಿನೀರಿಗೆ ಹಾಕಿ ನೋಡಿ: ಸಕ್ಕರೆಯದಾದರೆ ಮೇಲಿನ ತೆಳುಪೊರೆ ಬಿಟ್ಟುಕೊಂಡು ಒಳಗಿನ ಬಿಳಿ ತಿರುಳು ಕರಗುತ್ತಾ ಹೋಗುತ್ತದೆ, ಪ್ಲಾಸ್ಟಿಕ್ಕಿನದಾದರೆ ಇದ್ದಂತೆಯೇ ಇರುತ್ತದೆ. ಬಿಡಿಯಾಗಿ ತೂಗಿ ಕೊಡುವುದನ್ನು ಕೊಳ್ಳದೆ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಮತ್ತು ಹಸಿರು ಚುಕ್ಕೆಯಿರುವ ಪೊಟ್ಟಣವನ್ನೇ ಆರಿಸಿ. ಅಯ್ಯಂಗಾರ್ ಬೇಕರಿಗಳ ತವರಾದ ನಮ್ಮ ಜಿಲ್ಲೆಯಲ್ಲಿ, ಮಣಿಯ ಪೊಟ್ಟಣ ತೋರಿಸಿ ಎಂದು ಬೇಕರಿಯವರನ್ನು ಕೇಳಲು ಸಂಕೋಚಪಡಬೇಕಿಲ್ಲ.