ಕಾರನ್ನು ಎಷ್ಟು ತಗ್ಗಿಸಬಹುದು?

ಪ್ರಶ್ನೆ: ನನ್ನ 2015ರ ಮಾರುತಿ ಸ್ವಿಫ್ಟ್‌ಗೆ ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿರುವ) ಸೆಟ್ ತರಿಸಿದ್ದೇನೆ. ಕಾರನ್ನು 60 ಮಿ.ಮೀ. ತಗ್ಗಿಸುವ ಆಸೆಯಿದೆ. ಜಾಕ್ ಮತ್ತು ಸ್ಪ್ಯಾನರ್‌ಗಳಿಂದ ಮನೆಯಲ್ಲೇ ಈ ಕೆಲಸ ಮಾಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಆ 60 ಎಂಬ ಅಂಕಿಯನ್ನು ಕೈಬಿಡಿ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ಹೊಟ್ಟೆಗಿರುವ ಅಂತರ) 170 ಮಿ.ಮೀ.; ಅದರಲ್ಲಿ 60 ಕಳೆದರೆ ಉಳಿಯುವುದು 110. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿರುವ ಹಂಪ್ 100 ಮಿ.ಮೀ. ಎತ್ತರವಿದ್ದರೂ ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲವಿರುತ್ತದೆ. ಸ್ವಿಫ್ಟ್‌ನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2.43 ಮೀಟರ್ ಆದ್ದರಿಂದ ಹಂಪ್‌ನ ನೆತ್ತಿ ಕಾರಿನ ನಡುಭಾಗದ ಕೆಳಗೆ ಬಂದಾಗ ನಾಲ್ಕೂ ಚಕ್ರಗಳು ಹಂಪ್‌ನ ಮೇಲೆಯೇ ಇರುತ್ತವೆ, ಮತ್ತು ನೆತ್ತಿಯು ಚಕ್ರಗಳ ಮಟ್ಟಕ್ಕಿಂತ ಸುಮಾರು 43 ಮಿ.ಮೀ. ಮಾತ್ರ ಮೇಲಿರುತ್ತದೆ. ಆದರೆ ರಾತ್ರೋರಾತ್ರಿ ಹಾಕಿಸಿದ ಕಿರಿದಾದ ದಿಬ್ಬಗಳ ಲೆಕ್ಕವೇ ಬೇರೆ. ಅವುಗಳ ಎತ್ತರವೆಲ್ಲ ನೇರವಾಗಿ ಕಾರಿನ ಹೊಟ್ಟೆಗೇ ಬರುತ್ತದೆ.

ಹೊಟ್ಟೆ ಉಜ್ಜುವುದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದು. ಕಾರು ತಗ್ಗಿದಷ್ಟೂ ಚಕ್ರ ಮೇಲಕ್ಕೆ ಚಲಿಸಲು ಇರುವ ಅವಕಾಶ ಕುಗ್ಗುತ್ತದೆ, ಮತ್ತು ತಿರುವಿನ ನಡುವೆ ಸ್ಟ್ರಟ್ (ಚಕ್ರವನ್ನು ಹೊತ್ತ ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್ ಕಂಬ) ತನ್ನ ಚಲನೆಯ ಕೊನೆಯಲ್ಲಿರುವ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿದರೆ ಟೈರ್ ತಟ್ಟನೆ ಹಿಡಿತ ಕಳೆದುಕೊಳ್ಳಬಹುದು. ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್; ಅತಿಯಾಗಿ ತಗ್ಗಿಸಿದಾಗ ಲೋವರ್ ಆರ್ಮ್‌ನ (ಚಕ್ರದ ಕೆಳಭಾಗವನ್ನು ಕಾರಿನ ಒಡಲಿಗೆ ಜೋಡಿಸುವ ತೋಳಿನ) ಹೊರತುದಿ ಮೇಲೇರಿ ನಿಂತು, ಕಾರಿನ ಗುರುತ್ವಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಇಳಿಯುವುದರಿಂದ, ಕಾರನ್ನು ವಾಲಿಸುವ ಬಲಕ್ಕೆ ಸನ್ನೆಯ ಉದ್ದ ಹೆಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ 25 ಮಿ.ಮೀ. ಸಾಕು.

ಮನೆಯಲ್ಲಿ ಮಾಡಬಹುದೇ ಎಂದರೆ, ಒಂದು ಹಂತ ಬಿಟ್ಟು ಮಿಕ್ಕದ್ದನ್ನು ಮಾಡಬಹುದು. ಹಳೆಯ ಸ್ಟ್ರಟ್‌ನ ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಕಾರಿಗೆ ಕೂರಿಸುವ ಭಾಗ) ಅನ್ನೇ ಹೊಸದಕ್ಕೂ ಬಳಸಬೇಕಿದ್ದರೆ, ಸ್ಪ್ರಿಂಗ್ ಅನ್ನು ಅದುಮಿಹಿಡಿಯುವ ಉಪಕರಣವಾದ ಸ್ಪ್ರಿಂಗ್ ಕಂಪ್ರೆಸರ್‌ನಲ್ಲಿ ಅದುಮದೆ ಮೇಲಿನ ನಟ್ ಸಡಿಲಿಸುವುದು ಪ್ರಾಣಕ್ಕೇ ಅಪಾಯ. ಸ್ಟ್ರಟ್ ಬಿಚ್ಚಿಕೊಂಡು ವರ್ಕ್‌ಶಾಪ್‌ಗೆ ಒಯ್ಯಿರಿ. ಕಾರು ಜಾಕ್ ಮೇಲಲ್ಲ, ಗಟ್ಟಿ ನೆಲದಲ್ಲಿಟ್ಟ ಸ್ಟ್ಯಾಂಡ್‌ಗಳ ಮೇಲೆ ನಿಂತಿರಬೇಕು. ಬ್ರೇಕ್ ಹೋಸನ್ನೂ, ಎಬಿಎಸ್ ವೈರ್ ಇದ್ದರೆ ಅದನ್ನೂ ಸ್ಟ್ರಟ್‌ನ ಹಿಡಿಕೆಯಿಂದ ಮೊದಲು ಬಿಡಿಸಿಡಿ. ಮನೆಯ ಕೆಲಸದಲ್ಲಿ ಹೆಚ್ಚಾಗಿ ತಪ್ಪುವುದು ಬುಷ್‌ಗಳ (ಕೀಲುಗಳಲ್ಲಿರುವ ರಬ್ಬರ್ ತೋಳುಗಳ) ವಿಷಯದಲ್ಲಿ: ಲೋವರ್ ಆರ್ಮ್‌ನ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಕಾರು ಇಳಿದ ಮೇಲೆ ಒಳಗಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾರ ಚಕ್ರಗಳ ಮೇಲೆ ಕುಳಿತ ನಂತರವೇ ಟಾರ್ಕ್ ರೆಂಚ್ ಹಿಡಿಯಿರಿ.

ಕಾನೂನಿನ ಮಾತನ್ನೂ ಹೇಳಲೇಬೇಕು. ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ, ಮತ್ತು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಸೆಟ್ ಜೋಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಜೋಡಿಸಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ. ಕೆಲವು ದಿನ ಓಡಿಸಿದ ಮೇಲೆ ಸ್ಪ್ರಿಂಗ್ ಕುಳಿತು ಎತ್ತರ ಇನ್ನೊಂದಿಷ್ಟು ಇಳಿಯಬಹುದು, ಆಗ ಎತ್ತರವನ್ನು ಹಿಡಿದಿಡುವ ಲಾಕ್ ಕಾಲರ್‌ಗಳನ್ನೂ ಅಲೈನ್‌ಮೆಂಟನ್ನೂ ಮತ್ತೆ ನೋಡಬೇಕಾಗುತ್ತದೆ. ಹಿಂಭಾಗಕ್ಕಿಂತ ಮುಂಭಾಗ ಹೆಚ್ಚು ಇಳಿದಿದ್ದರೆ ಹೆಡ್‌ಲೈಟ್‌ನ ಬೆಳಕು ಹತ್ತಿರದಲ್ಲೇ ಬೀಳುತ್ತದೆ, ಅದನ್ನೂ ಸರಿಪಡಿಸಿಕೊಳ್ಳಿ.